ಅಕ್ಕ ಬಂದು ಕೂತ ಫೋಟೋ ಅಂಗಡಿ

ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತನಾಗಿದ್ದ ನಾನು ಆ ಕೆಲಸ ಬಿಟ್ಟು ಫೋಟೋ ಅಂಗಡಿ ಇಟ್ಟದ್ದು ಹೊಟ್ಟೆಪಾಡಿಗಲ್ಲ, ಹುಚ್ಚಿಗೆ. ಕಾರ್ಖಾನೆಯ ಪರದೇಶದ ಇಂಜಿನಿಯರೊಬ್ಬರು ಊರಿಗೆ ಹಿಂದಿರುಗುವಾಗ ತಮ್ಮ ಹಳೆಯ ಕ್ಯಾಮೆರಾವನ್ನು ನನಗೆ ಅಗ್ಗಕ್ಕೆ ಕೊಟ್ಟು ಹೋಗಿದ್ದರು. ಅಂದಿನಿಂದ ನನ್ನ ಭಾನುವಾರಗಳೆಲ್ಲ ಅದರ ಪಾಲಾದವು. ಬೆಳಗಾಗುವಾಗ ಧಕ್ಕೆಯಲ್ಲಿರುತ್ತಿದ್ದೆ. ಹಾಯಿ ಮಡಚಿ ನಿಂತ ದೋಣಿಗಳು, ಅವುಗಳ ಆಚೆಗೆ ಇನ್ನೂ ಸರಿಯಾಗಿ ಕಾಣಿಸದ ಬೆಂಗರೆಯ ದಡ, ನೀರಿನ ಮೇಲೆ ಆಗಷ್ಟೇ ಬೀಳುತ್ತಿದ್ದ ಬೆಳಕು. ಒಂದು ಗಾಜಿನ ಪ್ಲೇಟಿನಲ್ಲಿ ಪಟ ಸರಿಯಾಗಿ ಮೂಡಿದರೆ ಇಡೀ ವಾರ ಆಫೀಸಿನಲ್ಲಿ ಯಾರು ಬೈದರೂ ನನಗೆ ತಾಗುತ್ತಿರಲಿಲ್ಲ.

ಮೂವತ್ತರ ದಶಕದ ನಡುವಿನಲ್ಲಿ ಹಂಪನಕಟ್ಟೆಯ ಹತ್ತಿರ ಒಂದು ಮಾಳಿಗೆಯನ್ನು ಬಾಡಿಗೆಗೆ ಹಿಡಿದೆ. ಮಾಡಿನ ಉತ್ತರದ ಇಳಿಜಾರಿನಲ್ಲಿದ್ದ ಮಣ್ಣಿನ ಹೆಂಚುಗಳನ್ನು ತೆಗೆಸಿ ಗಾಜಿನ ಹೆಂಚು ಹಾಕಿಸಿದೆ. ಅಲ್ಲಿ ಕೂತವರ ಮುಖದ ಮೇಲೆ ಬೆಳಕು ಒಂದು ಬದಿಯಿಂದ ಮೆಲ್ಲಗೆ ಇಳಿದು, ಮೂಗಿನ ಆಚೆ ಬದಿಯಲ್ಲಿ ತೆಳುವಾದ ನೆರಳು ಬಿಡುತ್ತಿತ್ತು. ಆ ನೆರಳಿಗಾಗಿಯೇ ನಾನು ಸಂಬಳ ಬಿಟ್ಟದ್ದು ಎಂದರೆ ಯಾರೂ ನಂಬಲಿಕ್ಕಿಲ್ಲ.

ಜನ ಬರುತ್ತಾರೆ ಎಂದುಕೊಂಡಿದ್ದೆ. ಒಳ್ಳೆಯ ಪಟ ತೆಗೆಯುವವನು ಊರಿಗೆ ಬಂದಿದ್ದಾನೆ ಎಂದು ತಿಳಿದರೆ ಮೆಟ್ಟಲಿನ ಮೇಲೆ ಸಾಲು ನಿಲ್ಲುತ್ತದೆ ಎಂದೇ ನನ್ನ ಎಣಿಕೆ. ಸಾಲು ನಿಲ್ಲಲಿಲ್ಲ. ಬಂದ ಕೆಲವರನ್ನೂ ನಾನು ಸತಾಯಿಸಿದೆ. ಮಧ್ಯಾಹ್ನ ಬಂದವರಿಗೆ ಬೆಳಕು ಗಡುಸಾಗಿದೆ, ಬೆಳಿಗ್ಗೆ ಬನ್ನಿ ಎನ್ನುತ್ತಿದ್ದೆ. ಬೆಳಿಗ್ಗೆ ಬಂದವರ ಗಲ್ಲ ಹಿಡಿದು ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಅವರಿಗೆ ಕುತ್ತಿಗೆ ನೋಯುವವರೆಗೆ ಬಿಡುತ್ತಿರಲಿಲ್ಲ. ನಾಳೆ ಕೊಡುತ್ತೇನೆ ಎಂದ ಪಟವನ್ನು ನನ್ನ ಮನಸ್ಸಿಗೆ ಒಪ್ಪುವ ಹಾಗೆ ಮೂಡಿಲ್ಲವೆಂದು ಮುಂದಿನ ವಾರಕ್ಕೆ ತಳ್ಳುತ್ತಿದ್ದೆ. ದರವೂ ಹಾಗೆಯೇ. ಮುಖ ಇಷ್ಟವಾದರೆ ಕಡಿಮೆ, ಇಷ್ಟವಾಗದಿದ್ದರೆ ಹೆಚ್ಚು. ಗೆಳೆಯರಿಗೆ ಸುಮ್ಮನೆ ಕೊಟ್ಟುಬಿಡುತ್ತಿದ್ದೆ.

ಆಗ ನಮ್ಮ ಮನೆ ಕುದ್ರೋಳಿಯಲ್ಲಿತ್ತು. ನಮ್ಮದು ಅಳಿಯಸಂತಾನದ ಕುಟುಂಬ. ಆಸ್ತಿ ಹೆಣ್ಣುಮಕ್ಕಳ ಕಡೆಯಿಂದ ಇಳಿಯುವುದು, ಯಜಮಾನಿಕೆ ಅಮ್ಮನ ಅಣ್ಣನದು. ಆ ಮಾವನಿಗೆ ನನ್ನ ಅಂಗಡಿಯ ಮೇಲೆ ಮೊದಲಿನಿಂದಲೂ ನಂಬಿಕೆ ಇರಲಿಲ್ಲ. ಅಂಗಡಿಯ ಬಾಡಿಗೆ ಮನೆಯ ಹಣದಿಂದಲೇ ಹೋಗುತ್ತಿತ್ತಾದ್ದರಿಂದ ನನಗೆ ಬಾಯಿಯೂ ಇರಲಿಲ್ಲ.

ಆ ವರ್ಷವೇ ನನ್ನ ಅಕ್ಕ ಪಡೀಲಿನ ಗಂಡನ ಮನೆಯಿಂದ ನಮ್ಮ ಮನೆಗೆ ಬಂದಳು. ಭಾವ ಜ್ವರದಿಂದ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಮ್ಮಲ್ಲಿ ಗಂಡ ಹೋದ ಮೇಲೆ ಹೆಣ್ಣು ತಾಯಿಮನೆಗೆ ಬರುವುದು ಯಾರ ದಯೆಯಿಂದಲೂ ಅಲ್ಲ, ಅದು ಅವಳ ಮನೆಯೇ. ಅಕ್ಕ ಕೆಲವು ತಿಂಗಳು ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ಅವಳನ್ನು ಹಾಗೆ ನೋಡಿ ನನಗೆ ನಿಜವಾಗಿಯೂ ಸಂಕಟವಾಗಿತ್ತು. ಯಾಕೆಂದರೆ ಅವಳು ಮಾತಿನ ಹೆಣ್ಣು. ದೊಡ್ಡ ದನಿ, ದೊಡ್ಡ ನಗು. ಬಾವಿಕಟ್ಟೆಯಲ್ಲಿ ಸಿಕ್ಕಿದವರನ್ನೂ ಕೊಡ ತುಂಬುವುದರೊಳಗೆ ನೆಂಟರನ್ನಾಗಿ ಮಾಡಿಕೊಳ್ಳುತ್ತಿದ್ದಳು. ಚಿಕ್ಕಂದಿನಲ್ಲಿ ಎಲ್ಲರೂ ಮೊದಲು ಅವಳನ್ನು ಕರೆಯುತ್ತಿದ್ದರು. ಅಮ್ಮ ಅಂಜಲ್ ಮೀನಿನ ನಡುತುಂಡನ್ನು ಅವಳ ಬಟ್ಟಲಿಗೇ ಹಾಕುತ್ತಿದ್ದಳು. ಬಾಲದ ಕಡೆಯ ತುಂಡನ್ನು ಮುಳ್ಳು ಬಿಡಿಸಿ ತಿನ್ನುತ್ತಾ ನಾನು ಅವಳ ಬಟ್ಟಲನ್ನೇ ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಅವಳು ನನಗೆ ಊಟ ತಂದಳು. ಅದೇ ಹೊತ್ತಿಗೆ ಬಂದರಿನಲ್ಲಿ ಮೆಣಸಿನ ಮಂಡಿ ಇಟ್ಟಿದ್ದ ಬ್ಯಾರಿ ಮುಸಲ್ಮಾನ ವ್ಯಾಪಾರಿಯೊಬ್ಬರು ತಮ್ಮ ಮುದಿ ತಾಯಿಯ ಪಟ ತೆಗೆಸಲೆಂದು ಬಂದಿದ್ದರು. ಆಕಾಶ ಮೋಡ ಕಟ್ಟಿತ್ತು. ಬೆಳಕು ಸಾಲದು, ನಾಳೆ ಬೆಳಿಗ್ಗೆ ಬನ್ನಿ ಎಂದು ನಾನು ಕಳಿಸಿಬಿಟ್ಟಿದ್ದೆ. ಮೆಟ್ಟಲಿಳಿಯುತ್ತಿದ್ದ ಆ ಮುದುಕಿಯ ಕೈಯನ್ನು ಹತ್ತುತ್ತಿದ್ದ ಅಕ್ಕ ಹಿಡಿದುಕೊಂಡಳು.

"ಎಂತ, ತೆಗೆದಾಯ್ತಾ ಪಟ?"

"ಇಲ್ಲ, ಬೆಳಕಿಲ್ಲ ಅಂತೆ. ಇವರನ್ನು ನಾಳೆ ಪುನಃ ಮೆಟ್ಟಲು ಹತ್ತಿಸ್ಲಿಕ್ಕೆ ನನ್ನಿಂದ ಆಗೂದಿಲ್ಲ," ಎಂದರು ವ್ಯಾಪಾರಿ.

ಅಕ್ಕ ಅವರಿಬ್ಬರನ್ನೂ ಮೇಲಕ್ಕೆ ಕರೆತಂದಳು. ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ, ನನ್ನ ಊಟದ ಜೊತೆ ತಂದಿದ್ದ ಬೆಲ್ಲದ ತುಂಡು ಕೊಟ್ಟು, ನೀರು ಕುಡಿಸಿದಳು. ಆಮೇಲೆ ನನ್ನ ಹತ್ತಿರ ಬಂದು ಕೇಳಿದಳು:

"ಬೆಳಕು ಕಡಿಮೆ ಉಂಟಾದ್ರೆ ಕ್ಯಾಮೆರಾದ ಮುಚ್ಚಳ ಸ್ವಲ್ಪ ಹೆಚ್ಚು ಹೊತ್ತು ತೆಗೆದಿಟ್ರೆ ಆಗೂದಿಲ್ವಾ?"

"ಆಗ್ತದೆ. ಆದ್ರೆ ಅಷ್ಟು ಹೊತ್ತು ಅವರು ಅಲುಗಾಡದೆ ಕೂರ್ಬೇಕಲ್ಲ?"

"ಅದು ನನಗೆ ಬಿಡು ಮಾರಾಯ."

ಅವಳು ಕ್ಯಾಮೆರಾದ ಪಕ್ಕದಲ್ಲಿ ನಿಂತು, ಮುದುಕಿಯ ಕಣ್ಣಿಗೆ ಕಣ್ಣಿಟ್ಟು, ನಾನು ಮುಚ್ಚಳ ತೆಗೆದಾಗ ಉಸಿರು ಬಿಗಿಹಿಡಿದಳು. ಅವಳನ್ನು ನೋಡುತ್ತಾ ಆ ಮುದುಕಿಯೂ ಉಸಿರು ಹಿಡಿದು ಕೂತಳು. ಪ್ಲೇಟು ಚೆನ್ನಾಗಿಯೇ ಬಂತು. ವ್ಯಾಪಾರಿ ಪಟ ಕೊಂಡುಹೋಗಲು ಬಂದ ದಿನ ಅಕ್ಕನೂ ಅಲ್ಲಿದ್ದಳು. ಪಟವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ ಅವರು ನನ್ನನ್ನು ದಾಟಿ ಹೋಗಿ ಹಣವನ್ನು ಅಕ್ಕನ ಕೈಗೆ ಕೊಟ್ಟರು. "ನಿಮ್ಮಿಂದ ಉಪಕಾರ ಆಯ್ತು ಅಕ್ಕ," ಎಂದರು. ಕ್ಯಾಮೆರಾದ ಹಿಂದೆ ನಿಂತವನು ನಾನು. ಕರಿ ಬಟ್ಟೆಯೊಳಗೆ ಬೆವರಿದವನು ನಾನು.

ಮಾರನೆಯ ದಿನದಿಂದ ಅಕ್ಕ ಅಂಗಡಿಗೆ ಬಂದು ಕೂರತೊಡಗಿದಳು. ಮಾವನೇ ಹೇಳಿ ಕಳಿಸಿದ್ದರು. ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ. ಅವಳ ಮುಖದಲ್ಲಿ ನಗು ಹಿಂದಿರುಗಿತ್ತು. ತಮ್ಮನಾಗಿ ನಾನು ಅದಕ್ಕೆ ಸಂತೋಷಪಡಬೇಕಿತ್ತು.

ಮೊದಲ ವಾರವೆಲ್ಲ ಪ್ರಶ್ನೆಗಳು. ಪ್ಲೇಟಿಗೆ ಎಷ್ಟು, ಕಾಗದಕ್ಕೆ ಎಷ್ಟು, ಪಟ ತೊಳೆಯುವ ಮದ್ದಿನ ಪುಡಿಗೆ ಎಷ್ಟು? ನಾನು ಅಂದಾಜಿನಲ್ಲಿ ಏನೋ ಹೇಳಿದೆ.

"ಹಾಳಾದ ಪ್ಲೇಟು?"

"ಹಾಳಾದದ್ದು ಹಾಳಾಯ್ತು. ಅದರದ್ದೆಂತ?"

"ಅದಕ್ಕೂ ಹಣ ಕೊಟ್ಟದ್ದಲ್ವಾ ನೀನು? ಸರಿಯಾಗಿ ಬಂದ ಪಟ ಅದರ ಹಣವನ್ನೂ ದುಡಿಯಬೇಕಲ್ಲ? ಪಡೀಲಿನಲ್ಲಿ ತೆಂಗಿನಕಾಯಿ ಮಾರುವಾಗ ನಾವು ಕೊಳೆತದ್ದನ್ನೂ ಲೆಕ್ಕ ಹಿಡಿದೇ ದರ ಹೇಳ್ತಿದ್ದದ್ದು."

ನನ್ನ ಪಟವನ್ನು ತೆಂಗಿನಕಾಯಿಗೆ ಹೋಲಿಸಿದಳಲ್ಲ ಎಂದು ಆ ದಿನವಿಡೀ ನಾನು ಅವಳೊಡನೆ ಮಾತಾಡಲಿಲ್ಲ. ಅವಳಿಗೆ ಅದು ಗೊತ್ತೇ ಆಗಲಿಲ್ಲ. ಒಂದು ಹಲಗೆಯ ಮೇಲೆ ದರ ಬರೆಸಿ ಬಾಗಿಲಲ್ಲಿ ತೂಗುಹಾಕಿದಳು. ಎಲ್ಲರಿಗೂ ಒಂದೇ ದರ, ನನ್ನ ಗೆಳೆಯರಿಗೂ. ಶನಿವಾರ ಸಿದ್ಧವಾಗುವ ಪಟವನ್ನು ಸೋಮವಾರ ಕೊಡುತ್ತೇವೆ ಎಂದು ಹೇಳುವುದು, ಶನಿವಾರವೇ ಹೇಳಿ ಕಳಿಸಿದಾಗ ಬೇಗ ಸಿಕ್ಕಿತೆಂದು ಅವರು ಹಿಗ್ಗುವುದು. ಬೀದಿಗೆ ಕಾಣುವ ಗಾಜಿನ ಪೆಟ್ಟಿಗೆಯಲ್ಲಿ ನಾನು ಧಕ್ಕೆಯ ದೋಣಿಗಳ ಪಟ ಇಟ್ಟಿದ್ದೆ. ಅವಳು ಅದನ್ನು ತೆಗೆದು ತಾಯಿಯ ನಂತರ ತಾವೂ ತೆಗೆಸಿಕೊಂಡಿದ್ದ ಆ ವ್ಯಾಪಾರಿಯ ಪಟ, ಕಾರ್‌ಸ್ಟ್ರೀಟಿನ ಪಂಡಿತರ ಪಟ, ಬಸ್ಸಿನ ಟಿಕೆಟು ಕೊಡುವವನ ಮದುವೆಯ ಪಟ ಇಟ್ಟಳು. ಎಲ್ಲರನ್ನೂ ಕೇಳಿಯೇ ಇಟ್ಟಳು.

"ನನ್ನ ದೋಣಿಗಳನ್ನು ಯಾಕೆ ತೆಗೆದೆ?" ಎಂದೆ.

"ಚಂದ ಉಂಟು, ಇಲ್ಲ ಅಂತ ನಾನು ಹೇಳೂದಿಲ್ಲ. ಆದ್ರೆ ಈ ದೋಣಿ ಪಟ ತೆಗೆಸ್ಲಿಕ್ಕೆ ಮೆಟ್ಟಲು ಹತ್ತಿ ಬರ್ತದಾ?"

ಪೆಟ್ಟಿಗೆಯ ಮುಂದೆ ಜನ ನಿಲ್ಲತೊಡಗಿದರು. ಗುರುತಿನ ಮುಖ ಕಂಡು ನಗುತ್ತಿದ್ದರು, ಪಕ್ಕದವರನ್ನು ಕರೆದು ತೋರಿಸುತ್ತಿದ್ದರು, ಆಮೇಲೆ ತಲೆ ಎತ್ತಿ ಮಾಳಿಗೆಯ ಕಡೆ ನೋಡುತ್ತಿದ್ದರು. ಮಳೆಗಾಲ ಬಂತು. ಆಟಿ ತಿಂಗಳಲ್ಲಿ ಬೆಳಕೂ ಇಲ್ಲ, ಪಟ ಒಣಗುವುದೂ ಇಲ್ಲ. ಹಿಂದಿನ ಮಳೆಗಾಲ ನಾನು ಬಾಗಿಲು ಹಾಕಿ ಮನೆಯಲ್ಲಿದ್ದೆ. ಅಕ್ಕ ಒಬ್ಬ ಬಡಗಿಯನ್ನು ಗೊತ್ತುಮಾಡಿ, ದೇವರ ಪಟಗಳಿಗೂ ಹಳೆಯ ಫೋಟೋಗಳಿಗೂ ಚೌಕಟ್ಟು ಹಾಕಿಕೊಡುವ ಕೆಲಸ ಹಿಡಿದಳು. ಸೋರುವ ಗೋಡೆಗಳಿಂದ ಪಟ ಹಾಳಾಗುವ ಕಾಲವೂ ಅದೇ, ಜನ ಬರುವ ಕಾಲವೂ ಅದೇ ಎಂದು ಅವಳಿಗೆ ಹೊಳೆದಿತ್ತು. ಕಲಾವಿದನಾದ ನಾನು ಗಾಜು ಒರೆಸುತ್ತಾ ಕೂರಬೇಕಾಯಿತು. ಆದರೆ ಆ ಮಳೆಗಾಲದ ಬಾಡಿಗೆಯನ್ನು ಮಾವನ ಹತ್ತಿರ ಕೇಳಬೇಕಾಗಲಿಲ್ಲ.

ಇಷ್ಟೆಲ್ಲ ಒಳ್ಳೆಯದಾಗುತ್ತಿರುವಾಗ ನನಗೆ ಹೊಟ್ಟೆಯೊಳಗೆ ಉರಿಯುತ್ತಿತ್ತು. ಅಕ್ಕ ಮನೆಗೆ ಹೋಗಿದ್ದ ಹೊತ್ತಿನಲ್ಲಿ ಗಿರಾಕಿಗಳು ಬಂದರೆ ಬಾಗಿಲಲ್ಲೇ ನಿಂತು ಒಳಗೆ ಇಣುಕುತ್ತಿದ್ದರು. "ಅಕ್ಕ ಇದ್ದಾರಾ?" ಎನ್ನುತ್ತಿದ್ದರು. ಪಟ ತೆಗೆಯುವವನು ನಾನು, ಬನ್ನಿ ಕೂತ್ಕೊಳ್ಳಿ ಎಂದರೆ, "ಪರವಾಗಿಲ್ಲ, ಸಂಜೆ ಬರ್ತೇವೆ," ಎಂದು ಇಳಿದುಹೋಗುತ್ತಿದ್ದರು. ನನ್ನ ಗಾಜಿನ ಹೆಂಚಿನ ಕೆಳಗೆ, ನನ್ನ ಕುರ್ಚಿಯ ಮೇಲೆ, ನನ್ನ ಕ್ಯಾಮೆರಾದ ಎದುರಿಗೆ ಕೂತವರು ನೋಡುತ್ತಿದ್ದದ್ದು ಅವಳನ್ನು. ಅವಳಿಗೆ ನೆರಳೆಂದರೆ ಏನೆಂದು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ನಡೆಯುತ್ತಿತ್ತಲ್ಲ, ಅದೇ ನನ್ನನ್ನು ತಿನ್ನುತ್ತಿದ್ದದ್ದು.

ಮುಂದಿನ ಬೇಸಿಗೆಯಲ್ಲಿ ಆ ಮೆಣಸಿನ ವ್ಯಾಪಾರಿ ಪುನಃ ಬಂದರು. ಅವರ ಮಗ ಕೊಲಂಬೊದಲ್ಲಿದ್ದ. ಇಲ್ಲಿ ಅವನಿಗೆ ಗಂಡು ಮಗು ಹುಟ್ಟಿತ್ತು. ಮಗುವನ್ನೂ ಸೊಸೆಯನ್ನೂ ಒಟ್ಟಿಗೆ ಕೂರಿಸಿ ಪಟ ತೆಗೆದು ಅವನಿಗೆ ಕಳಿಸಬೇಕೆಂದು ಆ ಮುದುಕಿಯ ಹಟ. ಆದರೆ ಮನೆಯ ಪ್ರಾಯದ ಹೆಂಗಸರು ಹೊರಗಿನ ಗಂಡಸಿನ ಎದುರು ಕೂರುವುದಿಲ್ಲ.

"ಅಕ್ಕ ಬಂದು ತೆಗೀಬಹುದಲ್ಲ?" ಎಂದರು ಅವರು, ತೀರ ಸಹಜವಾಗಿ.

ಅವರು ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. "ಕಲಿಸ್ತೀಯಾ?"

"ಒಂದು ವಾರದಲ್ಲಿ ಬರುವ ವಿದ್ಯೆ ಅಲ್ಲ ಇದು."

"ಬಾರದಿದ್ರೆ ಬಾರದು ಅಂತ ಅವರಿಗೆ ಹೇಳುವ. ಪಟ ತೆಗೆಸ್ಬೇಕು ಅಂತ ಆಸೆ ಇದ್ದೂ ಮನೆಯೊಳಗೆ ಕೂತ ಹೆಂಗಸರು ಈ ಊರಲ್ಲಿ ಎಷ್ಟು ಮಂದಿ ಇದ್ದಾರೆ ಅಂತ ಯೋಚನೆ ಮಾಡಿದ್ದೀಯಾ ನೀನು?"

ಮಾಡಿರಲಿಲ್ಲ. ಕಲಿಸಿದೆ. ಏನನ್ನೂ ಮುಚ್ಚಿಡದೆ ಕಲಿಸಿದೆ, ಯಾಕೆಂದರೆ ಎಲ್ಲ ಕಲಿಸಿದ ಮೇಲೂ ಅವಳಿಂದ ಆಗದು ಎಂದು ನನಗೆ ಖಾತ್ರಿಯಿತ್ತು. ಕರಿ ಬಟ್ಟೆಯೊಳಗೆ ತಲೆಕೆಳಗಾಗಿ ಕಾಣುವ ಬಿಂಬ ನೋಡಿ ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಅದಕ್ಕೆ ಹೊಂದಿಕೊಂಡಳು. ಒಂದು ಬೆಳಿಗ್ಗೆ ಕೂಲಿಯವನ ತಲೆಯ ಮೇಲೆ ಕ್ಯಾಮೆರಾ ಹೊರಿಸಿಕೊಂಡು ಬಂದರಿನ ಕಡೆ ನಡೆದಳು. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಅವಳು ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಎಲ್ಲಿಗೆ ಹೋಗುತ್ತಿದ್ದೇನೆಂದು ಹೇಳುತ್ತಾ ಹೋಗುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಅವಳು ತಂದ ಪ್ಲೇಟುಗಳನ್ನು ತೊಳೆಯುವುದು ನನ್ನ ಕೆಲಸ. ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ತಟ್ಟೆಯನ್ನು ಅಲುಗಿಸುತ್ತಾ, ಬರೀ ಕಪ್ಪು ಬರಲಿ ಎಂದು ಮನಸ್ಸಿನಲ್ಲೇ ಹಾರೈಸಿದೆ. ಮೊದಲ ಪ್ಲೇಟು ನಿಜವಾಗಿಯೂ ಕಪ್ಪಾಗಿತ್ತು. ನನ್ನ ಎದೆ ಹಗುರಾಯಿತು. ಎರಡನೆಯದರಲ್ಲಿ ಮೆಲ್ಲಗೆ ಒಂದು ತಲೆಬಟ್ಟೆ, ಒಂದು ಕೈ, ಒಂದು ಮಗು ಮೂಡಿತು. ಬೆಳಕು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗಿತ್ತು. ಅವಳ ಹಿಂದಿದ್ದ ಜಗಲಿಯ ಕಂಬದ ಅರ್ಧ ಕತ್ತರಿಸಿಹೋಗಿತ್ತು. ಆದರೆ ಮರುದಿನ ಬಿಸಿಲಿಗೆ ಹಿಡಿದು ಕಾಗದದ ಮೇಲೆ ತೆಗೆದಾಗ ಕಂಡ ಆ ಸೊಸೆ ಹುಡುಗಿಯ ಮುಖ, ಅಂಥ ಮುಖ ನನ್ನ ಒಂದು ಪಟದಲ್ಲೂ ಇರಲಿಲ್ಲ. ಅವಳು ದೂರದ ಗಂಡನಿಗೆ ಏನನ್ನೋ ಹೇಳಲೆಂಬಂತೆ ಬಾಯಿ ತೆರೆಯುವುದರಲ್ಲಿದ್ದಳು. ನನ್ನ ಎದುರು ಕೂತವರೆಲ್ಲ ಪಟ ತೆಗೆಸಿಕೊಳ್ಳುತ್ತಿದ್ದರು. ಇವಳು ಸುಮ್ಮನೆ ತನ್ನ ಮನೆಯಲ್ಲಿದ್ದಳು.

"ಹೇಗುಂಟು?" ಎಂದಳು ಅಕ್ಕ.

"ಕಂಬ ಕತ್ತರಿಸಿಹೋಗಿದೆ."

"ಹೌದಲ್ವಾ," ಎಂದು ಅವಳು ಪೆಚ್ಚಾದಳು. ಆ ಪೆಚ್ಚುತನ ನೋಡಿ ನನಗೆ ಆದ ತೃಪ್ತಿ ವ್ಯಾಪಾರಿ ಬರುವವರೆಗೂ ಉಳಿಯಲಿಲ್ಲ. ಅವರು ಪಟ ನೋಡಿ ಕಣ್ಣೊರೆಸಿಕೊಂಡರು. ಕಂಬದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅಲ್ಲಿಂದ ಮುಂದೆ ಅಕ್ಕನಿಗೆ ಮನೆಮನೆಯಿಂದ ಕರೆ. ಬ್ಯಾರಿಗಳ ಮನೆ, ಕೊಂಕಣಿಯವರ ಮನೆ, ಬಸುರಿಗೆ ಹೂ ಮುಡಿಸುವ ಮನೆ. ಎರಡು ವರ್ಷ ಹೀಗೆ ನಡೆಯಿತು. ಆಗ ನಮ್ಮ ಅಂಗಡಿಯಿದ್ದ ಕಟ್ಟಡವೇ ಮಾರಾಟಕ್ಕೆ ಬಂತು. ಮಾವ ಮನೆಯ ಹಣ ಹಾಕಿ ಅದನ್ನು ಕೊಂಡರು. ಕೊಂಡದ್ದು ಅಕ್ಕನ ಹೆಸರಿನಲ್ಲಿ. ಅಳಿಯಸಂತಾನದ ಕಟ್ಟಿನ ಪ್ರಕಾರ ಅದು ಸರಿಯೇ. ಹೆಂಗಸರ ಕಡೆ ಇಳಿಯುವ ಆಸ್ತಿ ನನ್ನ ಹೆಸರಿಗೆ ಬರುವುದು ಹೇಗೆ? ಆದರೂ ಆ ದಿನ ಜಗಲಿಯಲ್ಲಿ ನಾನು ಎಲ್ಲರೆದುರು ಕೂಗಾಡಿದೆ. ಅಂಗಡಿ ಇಟ್ಟದ್ದು ನಾನು, ಗಾಜಿನ ಹೆಂಚು ಹಾಕಿಸಿದ್ದು ನಾನು, ವಿದ್ಯೆ ನನ್ನದು ಎಂದೆ.

ಮಾವ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: "ವಿದ್ಯೆ ನಿನ್ನದೇ. ವ್ಯಾಪಾರ ಯಾರದ್ದು ಅಂತ ಹೇಳು ನೋಡುವ."

"ಅಂಗಡಿ ನಿನ್ನದೇ ಮಾರಾಯ. ಕಟ್ಟಡ ಮಾತ್ರ ಮನೆಯದ್ದು. ನನಗೆಂತಕ್ಕೆ ಅದೆಲ್ಲ?" ಎಂದಳು ಅಕ್ಕ. ಅವಳು ಮನಸ್ಸಿನಿಂದಲೇ ಹೇಳಿದಳು. ಆ ಮಾತನ್ನು ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ. ಮರುದಿನ ಕ್ಯಾಮೆರಾ, ಮುಕ್ಕಾಲಿ, ತಟ್ಟೆಗಳು, ಎಲ್ಲವನ್ನೂ ಗಾಡಿಗೆ ಹಾಕಿಸಿಕೊಂಡು ಹೊರಟೆ. ಕ್ಯಾಮೆರಾ ಇಲ್ಲದ ಮೇಲೆ ಅಂಗಡಿ ಮುಚ್ಚಲೇಬೇಕು, ಆಗ ಅವಳೇ ಕರೆಯಲು ಬರುತ್ತಾಳೆ ಎಂದುಕೊಂಡಿದ್ದೆ. ಅವಳು ಮದರಾಸಿನಿಂದ ಹೊಸ ಕ್ಯಾಮೆರಾ ತರಿಸಿದಳು. ನನ್ನದಕ್ಕಿಂತ ಹಗುರಾದದ್ದು, ನನ್ನದಕ್ಕಿಂತ ಒಳ್ಳೆಯದು.

ನಾನು ಕದ್ರಿಯಲ್ಲಿ, ದೇವಸ್ಥಾನಕ್ಕೆ ಏರುವ ದಾರಿಯಲ್ಲಿ ಒಂದು ಹೊಸ ಅಂಗಡಿ ಇಟ್ಟೆ. ಈ ಸಲ ಯಾರ ಹಂಗೂ ಇಲ್ಲ, ನನ್ನ ಕಲೆಯನ್ನು ತೋರಿಸುತ್ತೇನೆ ಎಂಬ ಹಟ. ಮೊದಲ ದಿನ ಒಂದು ಸಂಸಾರ ಬಂತು. ಮಗು ಅಳುತ್ತಿತ್ತು, ಬೆಳಕು ಚೆನ್ನಾಗಿರಲಿಲ್ಲ. ನಾಳೆ ಬನ್ನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಯಿಂದ ಹೊರಟದ್ದು, "ಕೂತ್ಕೊಳ್ಳಿ, ಮೊದಲು ನೀರು ಕುಡೀರಿ," ಎಂದು. ದರದ ಹಲಗೆ ಬರೆಸಿದೆ. ಹಾಳಾದ ಪ್ಲೇಟನ್ನು ದರದಲ್ಲಿ ಸೇರಿಸಿದೆ. ಗಾಜಿನ ಪೆಟ್ಟಿಗೆಯಲ್ಲಿ ದೇವಸ್ಥಾನದ ಬೀದಿಯ ಹೂವಿನವನ ಪಟ ಇಟ್ಟೆ. ಪ್ರತಿಯೊಂದನ್ನು ಮಾಡುವಾಗಲೂ ಇದು ಅವಳ ರೀತಿ ಎಂದು ಹಲ್ಲು ಕಡಿಯುತ್ತಿದ್ದೆ. ಆದರೆ ಬೇರೆ ರೀತಿ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದ ನನ್ನದೇ ರೀತಿಯಲ್ಲಿ ಒಂದು ಸಲ ಮುಳುಗಿ ನೋಡಿಯಾಗಿತ್ತು. ಅಂಗಡಿ ಕಾಲೂರಿ ನಿಂತಿತು. ನಾನು ಬಾಡಿಗೆ ಕಟ್ಟಿದೆ, ಮದುವೆಯಾದೆ, ಹೆಂಡತಿಯೊಡನೆ ಅಲ್ಲೇ ಹತ್ತಿರ ಬಿಡಾರ ಮಾಡಿದೆ. ಹಂಪನಕಟ್ಟೆಯ ಕಡೆ ಹೋದಾಗ ಮಾತ್ರ ರಸ್ತೆಯ ಆಚೆ ಬದಿಯಿಂದ ಅವಳ ಗಾಜಿನ ಪೆಟ್ಟಿಗೆಯನ್ನು ನೋಡದೆ ಹೋಗುತ್ತಿರಲಿಲ್ಲ. ಹೊಸ ಮುಖ ಕಂಡರೆ, ಇವರು ನನ್ನ ಹತ್ತಿರ ಯಾಕೆ ಬರಲಿಲ್ಲ ಎಂದು ಮನೆ ಮುಟ್ಟುವವರೆಗೂ ಯೋಚಿಸುತ್ತಿದ್ದೆ.

ಯುದ್ಧ ಶುರುವಾದ ಮೇಲೆ ಕದ್ರಿಯ ಒಂದು ದೊಡ್ಡ ಮನೆಯಲ್ಲಿ ಅಜ್ಜಿಯೊಬ್ಬರ ಎಂಬತ್ತರ ಸಮಾರಂಭವಾಯಿತು. ಸೈನ್ಯಕ್ಕೆ ಸೇರಿದ್ದ ಮೊಮ್ಮಗನೊಬ್ಬ ಹೊರಡುವ ಮೊದಲು ಇಡೀ ಕುಟುಂಬದ ಪಟವಾಗಬೇಕೆಂದು ಮನೆಯ ಯಜಮಾನರು ನನಗೆ ಹೇಳಿದ್ದರು. ನಾನು ಅಂಗಳದಲ್ಲಿ ಮುಕ್ಕಾಲಿ ಊರುವಾಗ ಅಕ್ಕ ಬಂದಳು. ಅವಳನ್ನು ಯಜಮಾನರ ತಂಗಿ ಕರೆಸಿದ್ದರು. ಅಣ್ಣ ತಂಗಿ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಯಜಮಾನರು ಪೇಚಾಡಿದರು. ಈಗ ಇವರು ಅವಳನ್ನು ಇಟ್ಟುಕೊಂಡು ನನ್ನನ್ನು ಕಳಿಸುತ್ತಾರೆ ಎಂದುಕೊಂಡೆ.

ಅಕ್ಕ ಕಣ್ಣು ಸಣ್ಣದು ಮಾಡಿ ಅಂಗಳವನ್ನು ನೋಡಿದಳು. "ಇಷ್ಟು ಜನರನ್ನು ಒಂದು ಪಟದಲ್ಲಿ ಹಿಡಿಯುವುದು ನನ್ನಿಂದ ಆಗೂದಿಲ್ಲ. ಅದು ತಮ್ಮ ಮಾಡಲಿ. ನಾನು ಒಳಗೆ ಅಜ್ಜಿಯದ್ದು ತೆಗೀತೇನೆ," ಎಂದಳು.

ನಾನು ಅಂದು ಜೀವಮಾನದ ಪಟ ತೆಗೆದೆ ಎಂದೇ ಈಗಲೂ ನಂಬಿದ್ದೇನೆ. ಮೆಟ್ಟಲುಗಳ ಮೇಲೆ ಸಾಲುಸಾಲಾಗಿ ನಿಂತ ಒಂದೊಂದು ಮುಖಕ್ಕೂ ಅದರದ್ದೇ ಬೆಳಕು ಸಿಕ್ಕಿತ್ತು. ಕೆಲಸ ಮುಗಿದ ಮೇಲೆ ಯಜಮಾನರು ಜಟಕಾ ತರಿಸಿದರು. ನನಗೆ ಕಾಗದ ಕೊಳ್ಳಲು ಪೇಟೆಗೆ ಹೋಗಬೇಕಿತ್ತು. ಹಾಗಾಗಿ ವರ್ಷಗಳ ಮೇಲೆ ಅಕ್ಕನ ಪಕ್ಕದಲ್ಲಿ ಕೂತೆ. ಜಟಕಾ ಗುಡ್ಡ ಇಳಿಯುವಷ್ಟರಲ್ಲಿ ಅಕ್ಕ ಎಲೆಗೆ ಸುಣ್ಣ ಹಚ್ಚಿ ಸುರುಳಿ ಮಾಡಿಕೊಂಡಳು.

"ನನಗೆ ನಿನ್ನ ಮೇಲೆ ಎಷ್ಟು ಹೊಟ್ಟೆಕಿಚ್ಚು ಗೊತ್ತುಂಟಾ?" ಎಂದಳು ಇದ್ದಕ್ಕಿದ್ದ ಹಾಗೆ.

ನಾನು ತಿರುಗಿ ನೋಡಿದೆ.

"ನನ್ನ ಅಂಗಡಿಗೆ ಬರ್ತಾರೆ, ಪಟ ತಗೊಳ್ತಾರೆ, ಹೋಗ್ತಾರೆ. ನೀನು ತೆಗೆದದ್ದನ್ನು ಜನ ಸುಮ್ಮನೆ ನಿಂತು ನೋಡ್ತಿದ್ದರು. ನಾನು ಎಷ್ಟು ಮಾಡಿದ್ರೂ ಅದು ಬರೂದಿಲ್ಲ. ಬೆಳಕು ನನಗೆ ಕಾಣುವುದೇ ಇಲ್ಲ ಮಾರಾಯ. ಇವತ್ತು ನೀನು ಆ ಮೆಟ್ಟಲು ಆರಿಸಿದೆಯಲ್ಲ, ನಾನಾದ್ರೆ ಎಲ್ಲರನ್ನೂ ಬಿಸಿಲಿಗೆ ನಿಲ್ಲಿಸ್ತಿದ್ದೆ."

ಸುಖವಾಯಿತು ಎಂದರೆ ಅದು ಪೂರ್ತಿ ಸತ್ಯವಲ್ಲ. ಅಸೂಯೆಯಲ್ಲೂ ಅವಳು ನನ್ನ ಸಮಕ್ಕೆ ಬಂದಳಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಅದೂ ಅವಳು ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ನಾನು ಇಷ್ಟು ವರ್ಷ ಒಳಗೇ ಇಟ್ಟು ಬೇಯಿಸಿದ್ದನ್ನು ಅವಳು ಜಟಕಾದಲ್ಲಿ ಕೂತು, ಎಲೆಯ ಸುರುಳಿ ಬಾಯಿಗೆ ಹಾಕುವ ಮೊದಲು, ಹವಾಮಾನದ ಸುದ್ದಿಯ ಹಾಗೆ ಹೇಳಿ ಮುಗಿಸಿದ್ದಳು.

ಅಷ್ಟರಲ್ಲಿ ಅವಳು ಬೇರೆ ಮಾತಿಗೆ ಹೋಗಿಯಾಗಿತ್ತು. "ಪ್ಲೇಟು, ಕಾಗದ ಯಾವುದೂ ಸರಿಯಾಗಿ ಬರೂದಿಲ್ಲ ಈಗ. ಪೇಟೆಯವರು ಬಾಯಿಗೆ ಬಂದ ದರ ಹೇಳ್ತಾರೆ. ನಾನೂ ನೀನೂ ಸೇರಿ ಮದರಾಸಿನಿಂದ ಒಂದೇ ಪೆಟ್ಟಿಗೆ ತರಿಸುವ. ಅರ್ಧ ನಿನಗೆ, ಅರ್ಧ ನನಗೆ. ಎಂತ ಹೇಳ್ತಿ?"

ಅದು ಸರಿಯಾದ ಯೋಚನೆಯಾಗಿತ್ತು. ನನಗೆ ಮೊದಲು ಹೊಳೆಯಬೇಕಿತ್ತು. "ಆಗ್ಬಹುದು," ಎಂದೆ.

ಯುದ್ಧ ಮುಗಿಯುವವರೆಗೂ ಹಾಗೆಯೇ ತರಿಸಿದೆವು. ಅಂಗಡಿಗಳು ಎರಡಾಗಿಯೇ ಉಳಿದವು, ಹೋಗಿ ಬರುವುದು ಶುರುವಾಯಿತು. ಪೆಟ್ಟಿಗೆ ಬಂದ ದಿನ ಅವಳ ಮಾಳಿಗೆಯಲ್ಲಿ ಕೂತು ಪಾಲು ಮಾಡುತ್ತಿದ್ದೆವು, ಅಲ್ಲೇ ಊಟ. ಅವಳ ಪಾಲು ಯಾವಾಗಲೂ ಬೇಗ ಮುಗಿಯುತ್ತಿತ್ತು. ನನ್ನದು ಮುಗಿಯಿತೇ ಎಂದು ಕೇಳಿ ಕಳಿಸುತ್ತಿದ್ದಳು. ಕಪಾಟಿನಲ್ಲಿ ಇನ್ನೂ ಮೂರು ಕಟ್ಟು ಕಾಗದ ಇರುವಾಗಲೇ ನಾನು ಹೇಳಿ ಕಳಿಸುತ್ತಿದ್ದೆ: "ನನ್ನದು ಮೊನ್ನೆಯೇ ಮುಗೀತು. ಈ ಸಲ ದೊಡ್ಡ ಪೆಟ್ಟಿಗೆಯೇ ತರಿಸುವ."